ಪಕ್ಕದ ಸಾಲಿನ ವಾಸನೆ

ಟೊಮೆಟೊ ತೋಟದಲ್ಲಿ ಬೆಳಗಿನ ಹೊತ್ತು ಕಂಕುಳ ಚಿಗುರು ಚಿವುಟಿದವರಿಗೆ ಗೊತ್ತು, ಆ ವಾಸನೆ ಸುಲಭಕ್ಕೆ ಕೈ ಬಿಡುವುದಿಲ್ಲ. ಬೆರಳ ತುದಿ ಮೊದಲು ಹಸಿರಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಸೋಪು ಹಾಕಿ ಎರಡು ಸಲ ತೊಳೆದು ಊಟಕ್ಕೆ ಕೂತರೂ ಮೊದಲ ತುತ್ತಿನ ಜೊತೆ ಅದು ಮೂಗಿಗೆ ಬರುತ್ತದೆ. ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ತಿರುಗುವಷ್ಟರಲ್ಲಿ ಸುತ್ತಲ ಗಾಳಿಯೆಲ್ಲ ಅದರಿಂದ ತುಂಬಿರುತ್ತದೆ. ಎಷ್ಟೋ ವರ್ಷ ನಾನು ಇದನ್ನು ಟೊಮೆಟೊ ಗಿಡದ ಒಂದು ಗುಣ ಎಂದಷ್ಟೇ ತಿಳಿದಿದ್ದೆ. ನಾನಿನ್ನೂ ಕೈ ಹಾಕದ ಮುಂದಿನ ಸಾಲಿನ ಗಿಡಗಳಿಗೂ ಆ ವಾಸನೆ ತಾಗುತ್ತದೆ, ತಾಗಿದ ಮೇಲೆ ಅವು ಮೊದಲಿನಂತೆ ಇರುವುದಿಲ್ಲ ಎಂಬುದು ತಿಳಿದದ್ದು ತಡವಾಗಿ.

ವಾಸನೆಗೆ ನಮ್ಮಲ್ಲಿ ಮಾತಿಗೆ ಬರವಿಲ್ಲ. ಹೂವಿಗೆ ಕಂಪು, ಒಗ್ಗರಣೆಗೆ ಘಮ, ಅವರೆಕಾಯಿಗೆ ಸೊಗಡು. ಹುಲ್ಲು ಕೊಯ್ದಾಗ, ಸೊಪ್ಪು ಮುರಿದಾಗ, ಮೇವು ಕತ್ತರಿಸಿದಾಗ ಬರುವುದನ್ನು ಹಸಿ ವಾಸನೆ ಎನ್ನುತ್ತೇವೆ. ಈ ಹಸಿ ವಾಸನೆ ಗಿಡದೊಳಗೆ ಮೊದಲೇ ತುಂಬಿಟ್ಟಿದ್ದಲ್ಲ. ಎಲೆ ಹರಿದ ಕ್ಷಣದಲ್ಲಿ ತಯಾರಾಗುವಂಥದ್ದು. ಎಲೆಯ ಜೀವಕೋಶಗಳ ಪೊರೆಯಲ್ಲಿ ಲಿನೊಲೆನಿಕ್ ಆಮ್ಲ ಎಂಬ ಕೊಬ್ಬಿನ ಅಂಶವಿದೆ, ಹದಿನೆಂಟು ಕಾರ್ಬನ್‌ಗಳ ಉದ್ದನೆಯ ಸರ. ಕೋಶ ಒಡೆದೊಡನೆ ಅಲ್ಲಿನ ಕಿಣ್ವಗಳು ಈ ಸರಕ್ಕೆ ಆಮ್ಲಜನಕ ಸೇರಿಸಿ ಕತ್ತರಿಸುತ್ತವೆ. ಆರು ಕಾರ್ಬನ್‌ಗಳ ಒಂದು ತುಣುಕು ಕಳಚಿ ಗಾಳಿಗೇರುತ್ತದೆ. ಕೆಲವೇ ಸೆಕೆಂಡುಗಳ ಕೆಲಸ ಇದು. ಹೆಕ್ಸಿನಲ್, ಹೆಕ್ಸಿನಾಲ್, ಹೆಕ್ಸಿನೈಲ್ ಅಸಿಟೇಟ್ ಎಂದು ರಸಾಯನಶಾಸ್ತ್ರದಲ್ಲಿ ಇವಕ್ಕೆ ಹೆಸರು. ಭತ್ತವಿರಲಿ, ಹುರುಳಿಯಿರಲಿ, ಹಸಿರು ಎಲೆಯ ಹೆಚ್ಚುಕಡಿಮೆ ಎಲ್ಲ ಗಿಡಗಳೂ ಈ ಒಂದು ಕುಟುಂಬದ ಆವಿಗಳನ್ನೇ ಬಿಡುತ್ತವೆ. ಅಂದರೆ ‘ಇಲ್ಲಿ ಎಲೆ ಹರಿದಿದೆ’ ಎಂಬ ಸುದ್ದಿ ಬೇರೆ ಬೇರೆ ಜಾತಿಯ ಗಿಡಗಳಿಗೂ ಒಂದೇ ಲಿಪಿಯಲ್ಲಿದೆ.

ಆ ಲಿಪಿಯನ್ನು ಪಕ್ಕದ ಗಿಡ ಓದಬಲ್ಲದೆ? ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದ ಎರಡು ವರದಿಗಳು ಬಂದದ್ದು 1983ರಲ್ಲಿ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ರೋಡ್ಸ್ ವಿಲ್ಲೊ ಮರಗಳಿಗೆ ಹುಳು ಬಿಟ್ಟು ನೋಡಿದರು. ಹುಳು ತಿಂದ ಮರದ ಎಲೆಯ ರುಚಿ ಕೆಟ್ಟಿತು, ಅದನ್ನು ತಿಂದ ಹುಳುಗಳ ಬೆಳವಣಿಗೆ ಕುಂಠಿತವಾಯಿತು. ಇಷ್ಟು ನಿರೀಕ್ಷೆಯದೇ. ಆದರೆ ಹುಳು ತಾಗದ ಪಕ್ಕದ ಮರಗಳ ಎಲೆಯೂ ಹಾಗೇ ಆಗಿತ್ತು, ಅವುಗಳ ಬೇರುಗಳು ಒಂದಕ್ಕೊಂದು ಕೂಡಿದ್ದಂತೆ ಕಾಣಲಿಲ್ಲ. ಅದೇ ವರ್ಷ ಡಾರ್ಟ್‌ಮತ್ ಕಾಲೇಜಿನ ಇಯಾನ್ ಬಾಲ್ಡ್ವಿನ್ ಮತ್ತು ಜ್ಯಾಕ್ ಶುಲ್ಟ್ಸ್ ಪಾಪ್ಲಾರ್ ಮತ್ತು ಮೇಪಲ್ ಸಸಿಗಳನ್ನು ಗಾಳಿಯಾಡದ ಪಾರದರ್ಶಕ ಪೆಟ್ಟಿಗೆಯಲ್ಲಿಟ್ಟರು. ಕೆಲವು ಸಸಿಗಳ ಎರಡೆರಡು ಎಲೆ ಹರಿದರು. ಪೆಟ್ಟಿಗೆಯಲ್ಲಿದ್ದ ಉಳಿದ ಸಸಿಗಳನ್ನು ಮುಟ್ಟಲಿಲ್ಲ. ಸುಮಾರು ಎರಡು ದಿನ ಕಳೆಯುವಷ್ಟರಲ್ಲಿ ಮುಟ್ಟದ ಸಸಿಗಳಲ್ಲೂ ಹುಳುಗಳಿಗೆ ಹಿಡಿಸದ ಫೀನಾಲ್‌ಗಳು ಏರಿದ್ದವು. ಪ್ರತ್ಯೇಕ ಕುಂಡ, ಪ್ರತ್ಯೇಕ ಮಣ್ಣು, ಅವುಗಳ ನಡುವೆ ಇದ್ದದ್ದು ಗಾಳಿಯೊಂದೇ.

ಪತ್ರಿಕೆಗಳು ಇದನ್ನು ‘ಮಾತಾಡುವ ಮರಗಳು’ ಎಂದು ಹೊತ್ತು ಮೆರೆಸಿದವು. ಆ ಮೆರವಣಿಗೆಯೇ ವಿಷಯಕ್ಕೆ ಮುಳುವಾಯಿತು ಎಂದು ನನಗನ್ನಿಸುತ್ತದೆ. 1985ರಲ್ಲಿ ಸೈಮನ್ ಫೌಲರ್ ಮತ್ತು ಜಾನ್ ಲಾಟನ್ ಎಂಬ ಬ್ರಿಟಿಷ್ ಪರಿಸರ ವಿಜ್ಞಾನಿಗಳು ಈ ಪ್ರಯೋಗಗಳ ಹುಳುಕು ತೋರಿಸಿದರು. ವಿಲ್ಲೊ ಹುಳುಗಳಿಗೆ ಒಂದು ಮರದಿಂದ ಇನ್ನೊಂದಕ್ಕೆ ಏನೋ ರೋಗ ಹಬ್ಬಿದ್ದರೂ ಇದೇ ಫಲಿತಾಂಶ ಬರುತ್ತಿತ್ತಲ್ಲ? ಒಂದೇ ಪೆಟ್ಟಿಗೆಯಲ್ಲಿದ್ದ ಹದಿನೈದು ಸಸಿಗಳನ್ನು ಹದಿನೈದು ಬೇರೆ ಬೇರೆ ಪುರಾವೆ ಎಂದು ಎಣಿಸಬಹುದೆ, ಪೆಟ್ಟಿಗೆ ಒಂದೇ ಅಲ್ಲವೆ? ಪ್ರಶ್ನೆಗಳು ನ್ಯಾಯವಾದವು. ಉತ್ತರಿಸುವ ಬದಲು ಬಹುಪಾಲು ಸಂಶೋಧಕರು ವಿಷಯವನ್ನೇ ಕೈಬಿಟ್ಟರು. ಅದು ಮತ್ತೆ ಎದ್ದು ನಿಂತದ್ದು ಒಂದು ಬೆಳೆಯ ಮೇಲೆ, ಟೊಮೆಟೊ ಮೇಲೆ.

ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಲಾರೆನ್ಸ್ ರಯಾನ್ ಟೊಮೆಟೊ, ಆಲೂಗಡ್ಡೆ ಎಲೆಗಳನ್ನು ಬಹುಕಾಲದಿಂದ ಅಭ್ಯಾಸ ಮಾಡುತ್ತಿದ್ದರು. ಎಲೆಗೆ ಗಾಯವಾದರೆ ಇಡೀ ಗಿಡ ಒಂದು ಪ್ರೋಟೀನನ್ನು ತಯಾರಿಸುತ್ತದೆ, ಅದು ಹುಳುವಿನ ಹೊಟ್ಟೆಯಲ್ಲಿ ಜೀರ್ಣಕ್ರಿಯೆಗೆ ಅಡ್ಡಗಾಲು ಹಾಕುತ್ತದೆ ಎಂದು 1972ರಲ್ಲೇ ಅವರು ತೋರಿಸಿದ್ದರು. ಇದು ನಮಗೂ ಗೊತ್ತಿರುವ ಸಂಗತಿಯೇ. ಸೋಯಾ, ಅವರೆಯಂಥ ಕಾಳುಗಳನ್ನು ಸರಿಯಾಗಿ ಬೇಯಿಸದೆ ತಿಂದರೆ ಹೊಟ್ಟೆ ಕೆಡುವುದಕ್ಕೆ ಇಂಥ ಪ್ರೋಟೀನುಗಳೂ ಒಂದು ಕಾರಣ. ನಾವು ಬೇಯಿಸಿ ಅವನ್ನು ಮುರಿಯುತ್ತೇವೆ, ಹುಳುವಿಗೆ ಒಲೆಯಿಲ್ಲ. 1990ರಲ್ಲಿ ರಯಾನ್ ಮತ್ತು ಎಡ್ವರ್ಡ್ ಫಾರ್ಮರ್ ಟೊಮೆಟೊ ಸಸಿಯ ಜೊತೆ ಸೇಜ್‌ಬ್ರಷ್ ಎಂಬ ಕುರುಚಲು ಗಿಡದ ಕೊಂಬೆಯನ್ನು ಗಾಜಿನ ಭರಣಿಯಲ್ಲಿ ಮುಚ್ಚಿಟ್ಟರು. ಅಮೆರಿಕದ ಪಶ್ಚಿಮದ ಒಣನೆಲದಲ್ಲಿ ಮೈಲುಗಟ್ಟಲೆ ಬೆಳೆಯುವ ಈ ಗಿಡ ನಮ್ಮ ದವನದ ಕುಲದ್ದೇ. ದವನ ಮುಡಿದವರಿಗೆ ಅದರ ಖಾರವಾದ ಕಂಪಿನ ಅಂದಾಜು ಸಿಕ್ಕೀತು. ಭರಣಿಯೊಳಗೆ ಕೊಂಬೆ ಟೊಮೆಟೊಗೆ ತಾಗುವಂತಿರಲಿಲ್ಲ. ಆದರೂ ಟೊಮೆಟೊ ಎಲೆಯಲ್ಲಿ ಆ ಹೊಟ್ಟೆಕೆಡಿಸುವ ಪ್ರೋಟೀನು ತುಂಬಿತು. ಕಾರಣವಾದ ಆವಿಯನ್ನೂ ಅವರು ಹೆಸರಿಸಿದರು, ಮೀಥೈಲ್ ಜಾಸ್ಮೊನೇಟ್.

ಹೆಸರಿನಲ್ಲೇ ಮಲ್ಲಿಗೆಯಿದೆ. 1962ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದು ಜಾಜಿಯ ಸುಗಂಧ ತೈಲದಿಂದ. ನಾವು ಸಂಜೆ ಹೊತ್ತು ಮೂಗರಳಿಸಿ ಎಳೆದುಕೊಳ್ಳುವ ಪರಿಮಳದ ಒಂದು ಎಳೆ ಟೊಮೆಟೊ ಗಿಡಕ್ಕೆ ಅಪಾಯದ ಗಂಟೆ. ಗಿಡದೊಳಗೆ ಜಾಸ್ಮೊನಿಕ್ ಆಮ್ಲವೆಂಬ ಇದರ ಸೋದರನೇ ಗಾಯದ ಸುದ್ದಿ ಒಯ್ಯುವ ಹಾರ್ಮೋನು ಎಂಬುದು ಮುಂದೆ ಗಟ್ಟಿಯಾಯಿತು.

ಭರಣಿಯಲ್ಲಿ ಸರಿ, ಬಯಲಿನಲ್ಲಿ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಕಾರ್ಬನ್ ಕಾಡುತಂಬಾಕಿನ ಪಕ್ಕದಲ್ಲಿದ್ದ ಸೇಜ್‌ಬ್ರಷ್ ಎಲೆಗಳನ್ನು ಕತ್ತರಿಯಿಂದ ಕತ್ತರಿಸಿ ವರ್ಷವರ್ಷವೂ ಲೆಕ್ಕವಿಟ್ಟರು. ಕತ್ತರಿಸಿದ ಗಿಡದ ನೆರೆಯ ತಂಬಾಕಿಗೆ ಮಿಡತೆಯ ಕಾಟ ಕಡಿಮೆಯಾಯಿತು. ನಡುವೆ ಮಣ್ಣಿನ ಸಂಪರ್ಕ ಕಡಿದರೂ ಪರಿಣಾಮ ಉಳಿಯಿತು, ಗಾಳಿಯನ್ನು ತಡೆದಾಗ ಹೋಯಿತು. 2000ದಲ್ಲಿ ಬಂದ ಈ ವರದಿ ಹಳೆಯ ಟೀಕೆಗಳಿಗೆ ಬಯಲಲ್ಲೇ ಕೊಟ್ಟ ಉತ್ತರ. ಅದರ ಜೊತೆಗೊಂದು ಮಿತಿಯೂ ಗೊತ್ತಾಯಿತು. ತಂಬಾಕಿಗೆ ಈ ಸುದ್ದಿ ಮುಟ್ಟಿದ್ದು ಒಂದು ಗೇಣಿನಷ್ಟು ದೂರದಲ್ಲಿ ಮಾತ್ರ. ಸೇಜ್‌ಬ್ರಷ್‌ನಿಂದ ಸೇಜ್‌ಬ್ರಷ್‌ಗೆ ಸುಮಾರು 60 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದೂಕಾಲು ಮೊಳ. ಕಾಡಿನುದ್ದಕ್ಕೂ ಮರಗಳು ಪಿಸುಗುಡುತ್ತವೆ ಎಂಬ ಕಥೆ ಕೇಳಿದವರು ಈ ಅಳತೆ ನೆನಪಿಡಬೇಕು. ಆದರೆ ಬೇಸಾಯಗಾರನಿಗೆ ಒಂದೂಕಾಲು ಮೊಳ ಸಣ್ಣ ದೂರವಲ್ಲ, ಸಾಲಿನಿಂದ ಸಾಲಿಗೆ ಇರುವ ಅಂತರ ಅದು.

ಇನ್ನು ಮೆಕ್ಕೆಜೋಳಕ್ಕೆ ಬರೋಣ. ಈ ವಿಷಯದಲ್ಲಿ ಮನುಷ್ಯ ಹೆಚ್ಚು ಕಲಿತದ್ದು ಈ ಬೆಳೆಯಿಂದಲೇ. 1990ರಲ್ಲಿ ಟೆಡ್ ಟರ್ಲಿಂಗ್ಸ್, ಜೇಮ್ಸ್ ಟಮ್ಲಿನ್ಸನ್ ಮತ್ತು ಜೋ ಲೂಯಿಸ್ ಅಮೆರಿಕದಲ್ಲಿ ಒಂದು ವಿಚಿತ್ರ ಕಂಡರು. ಮೆಕ್ಕೆಜೋಳದ ಸಸಿಯನ್ನು ಬ್ಲೇಡಿನಿಂದ ಗೀರಿದರೆ ಹಸಿ ವಾಸನೆ ಬಂದು ಅಲ್ಲಿಗೆ ನಿಲ್ಲುತ್ತದೆ. ಆ ಗೀರಿಗೆ ಹುಳುವಿನ ಎಂಜಲು ಹಚ್ಚಿದರೆ ಕೆಲವು ಗಂಟೆಗಳ ನಂತರ ಬೇರೆಯದೇ ವಾಸನೆ ಏಳುತ್ತದೆ, ಟರ್ಪೀನ್‌ಗಳು ಸೇರಿದ ಒಂದು ಮಿಶ್ರಣ. ಅದನ್ನು ಹಿಡಿದು ಸಣ್ಣದೊಂದು ಕಣಜ ಹಾರಿ ಬಂದು ಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತದೆ. ಕಣಜದ ಮರಿ ಹುಳುವನ್ನು ಒಳಗಿನಿಂದ ತಿಂದು ಮುಗಿಸುತ್ತದೆ. 1997ರಲ್ಲಿ ಎಂಜಲಿನೊಳಗಿನ ಆ ವಸ್ತುವೂ ಸಿಕ್ಕಿತು. ವೊಲಿಸಿಟಿನ್ ಎಂದು ಹೆಸರಿಟ್ಟರು. ಅದರ ಅರ್ಧ ಭಾಗ ಹುಳು ತಿಂದ ಎಲೆಯದೇ ಲಿನೊಲೆನಿಕ್ ಆಮ್ಲ, ಇನ್ನರ್ಧ ಹುಳು ಜೋಡಿಸಿದ ಅಮೈನೊ ಆಮ್ಲ. ಎಂಜಲಿನ ಬಗ್ಗೆ ನಮ್ಮ ಮನೆಗಳಲ್ಲಿ ಎಷ್ಟು ಕಟ್ಟುನಿಟ್ಟು! ಮೆಕ್ಕೆಜೋಳವೂ ಅಷ್ಟೇ ಕಟ್ಟುನಿಟ್ಟಿನದು, ತನ್ನನ್ನು ಗೀರಿದ್ದು ಗಾಳಿಯೋ ಕುಡುಗೋಲೋ ಹುಳುವಿನ ಬಾಯೋ ಎಂದು ಎಂಜಲು ನೋಡಿ ನಿರ್ಧರಿಸುತ್ತದೆ.

ಪಕ್ಕದ ಮೆಕ್ಕೆಜೋಳ ಏನು ಮಾಡುತ್ತದೆ ಎಂಬುದನ್ನು 2004ರಲ್ಲಿ ಯೂರ್ಗೆನ್ ಎಂಗೆಲ್ಬರ್ತ್ ಮತ್ತು ಟಮ್ಲಿನ್ಸನ್ ಅವರ ತಂಡ ತೋರಿಸಿತು. ಸಸಿಗಳಿಗೆ ರಾತ್ರಿಯೆಲ್ಲ ಹಸಿ ವಾಸನೆ ಸೋಕಿಸಿದರು. ಬೆಳಿಗ್ಗೆ ಗೀರಿ ಎಂಜಲು ಹಚ್ಚಿದಾಗ, ವಾಸನೆ ಸೋಕದ ಸಸಿಗಳಿಗಿಂತ ಇವುಗಳಲ್ಲಿ ಜಾಸ್ಮೊನಿಕ್ ಆಮ್ಲವೂ ಟರ್ಪೀನ್‌ಗಳೂ ಹೆಚ್ಚು ಬಂದವು. ಮೆಕ್ಕೆಜೋಳದ ಈ ಗುಣ ನನಗೆ ಬಹಳ ಹಿಡಿಸುತ್ತದೆ. ಪಕ್ಕದಲ್ಲಿ ಎಲೆ ಹರಿದ ವಾಸನೆ ಬಂದ ಮಾತ್ರಕ್ಕೆ ಅದು ಇದ್ದಬದ್ದ ಶಕ್ತಿಯನ್ನೆಲ್ಲ ರಕ್ಷಣೆಗೆ ಸುರಿಯುವುದಿಲ್ಲ. ಹಾಗೆ ಸುರಿದರೆ ಬೆಳವಣಿಗೆಗೆ, ಕಾಳಿಗೆ ಏನೂ ಉಳಿಯದು. ಅದು ಬರೇ ಸಜ್ಜಾಗುತ್ತದೆ. ಊರಲ್ಲಿ ಆನೆ ಬಂತೆಂದು ಕೇಳಿದವರು ಅಂದೇ ಮನೆ ಬಿಟ್ಟು ಓಡುವುದಿಲ್ಲ, ಪಂಜನ್ನೂ ತಮಟೆಯನ್ನೂ ಕೈಗೆ ಸಿಗುವಂತೆ ಇಟ್ಟುಕೊಂಡು ಮಲಗುತ್ತಾರೆ. ಮೆಕ್ಕೆಜೋಳದ ಸಿದ್ಧತೆಯೂ ಆ ಥರದ್ದು. ನಿಜವಾದ ಹುಳು ಬಾಯಿ ಹಾಕಿದಾಗ ಮಾತ್ರ ವೆಚ್ಚ.

ಪೆಟ್ಟು ತಿಂದ ಗಿಡ ನೆರೆಯವರಿಗೆ ಏಕೆ ಎಚ್ಚರಿಕೆ ಕೊಡಬೇಕು? ಅದೇ ನೀರಿಗೆ, ಅದೇ ಬೆಳಕಿಗೆ ಪೈಪೋಟಿ ನಡೆಸುವ ಗಿಡ ತಾನೆ ಅದು? ನನಗೆ ಒಪ್ಪಿಗೆಯಾದ ಉತ್ತರ ಬಂದದ್ದು ಡಬಲ್ ಬೀನ್ಸ್ ಬಳ್ಳಿಯಿಂದ. 2007ರಲ್ಲಿ ಮಾರ್ಟಿನ್ ಹೈಲ್ ಮತ್ತು ಸಹೋದ್ಯೋಗಿಗಳು ಮೆಕ್ಸಿಕೊದಲ್ಲಿ ಈ ಬಳ್ಳಿಗಳನ್ನು ಅಭ್ಯಾಸ ಮಾಡಿ, ಗಾಯಗೊಂಡ ಎಲೆಯ ವಾಸನೆ ಅದೇ ಬಳ್ಳಿಯ ಇತರ ಎಲೆಗಳನ್ನೇ ಸಜ್ಜುಗೊಳಿಸುತ್ತದೆ ಎಂದು ತೋರಿಸಿದರು. ಬಳ್ಳಿಗೆ ನರವಿಲ್ಲ. ಒಳಗಿನ ರಸನಾಳಗಳ ದಾರಿ ಹಿಡಿದರೆ ಪಕ್ಕದಲ್ಲೇ ತೂಗುವ ಎಲೆಗೂ ಸುತ್ತುಬಳಸು. ಗಾಳಿಯೇ ಹತ್ತಿರದ ಹಾದಿ. ಅಂದರೆ ಗಿಡ ತನಗೆ ತಾನೇ ಹೇಳಿಕೊಳ್ಳುತ್ತಿದೆ, ಪಕ್ಕದ ಗಿಡ ಅದನ್ನು ಕೇಳಿಸಿಕೊಳ್ಳುತ್ತಿದೆ. ‘ಮಾತಾಡುವ’ ಎಂಬ ಪದಕ್ಕಿಂತ ‘ಕಿವಿಗೊಡುವ’ ಎಂಬುದು ಬೆಳೆಗಳಿಗೆ ಹೆಚ್ಚು ಒಪ್ಪುತ್ತದೆ ಎಂದು ನಾನು ನಂಬುವುದು ಇದಕ್ಕೇ.

ಕಿವಿಗೊಡುವುದು ಹೇಗೆ, ಮೂಗೂ ಇಲ್ಲದೆ? ಇಲ್ಲಿ ಜಪಾನಿನ ಎರಡು ಕೆಲಸಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲನೆಯದು 2014ರದು, ಮತ್ತೆ ಟೊಮೆಟೊ. ಹುಳು ಸ್ಪೊಡಾಪ್ಟೆರಾ ಲಿಟುರ, ನಮ್ಮ ಶೇಂಗಾ, ಸೋಯಾ, ತಂಬಾಕು ಬೆಳೆಗಾರರ ಹಳೆಯ ವೈರಿ. ಹುಳು ತಿನ್ನುತ್ತಿದ್ದ ಟೊಮೆಟೊ ಗಿಡಗಳ ಮೇಲಿನಿಂದ ಬೀಸಿದ ಗಾಳಿಗೆ ಬೇರೆ ಟೊಮೆಟೊ ಗಿಡಗಳನ್ನು ಒಡ್ಡಿದರು. ಆ ಗಿಡಗಳ ಮೇಲೆ ಬಿಟ್ಟ ಹುಳುಗಳು ಬಡಕಲಾದವು, ಹೆಚ್ಚು ಸತ್ತವು. ಎಲೆಯೊಳಗೆ ಏನು ಬದಲಾಯಿತು? ಸಾವಿರಾರು ರಾಸಾಯನಿಕಗಳನ್ನು ಹೋಲಿಸಿ ನೋಡಿದಾಗ ಒಂದೇ ಒಂದು ವಸ್ತು ಎದ್ದು ಕಂಡಿತು. ಅದರ ಒಂದು ತುದಿಯಲ್ಲಿ ಸಕ್ಕರೆಯ ಜೋಡಿ, ಇನ್ನೊಂದು ತುದಿಯಲ್ಲಿ ನಮಗೆ ಆಗಲೇ ಪರಿಚಯವಾದ ಹೆಕ್ಸಿನಾಲ್, ಅದೇ ಹಸಿ ವಾಸನೆ. ಆ ಹೆಕ್ಸಿನಾಲ್ ಗಿಡದ ಸ್ವಂತದ್ದಲ್ಲ, ಗಾಳಿಯಿಂದ ಹೀರಿಕೊಂಡದ್ದು. ಪಕ್ಕದ ಗಿಡದ ಗಾಯದಿಂದ ಹಾರಿಬಂದ ಆವಿಯನ್ನು ಈ ಗಿಡ ಹಿಡಿದು, ತನ್ನ ಸಕ್ಕರೆಗೆ ಕಟ್ಟಿ, ಹುಳುವಿಗೆ ವಿಷವಾಗಿ ಎಲೆಯಲ್ಲಿಟ್ಟುಕೊಂಡಿತ್ತು. ಗಾಳಿಯಲ್ಲಿ ಬಂದದ್ದು ಬರೇ ಸುದ್ದಿಯಾಗಿರಲಿಲ್ಲ, ಸಾಮಗ್ರಿಯೂ ಆಗಿತ್ತು. ಈ ವರದಿ ಮೊದಲು ಓದಿದ ದಿನ ನಾನು ಚಿಗುರು ಚಿವುಟಿದ ಬೆರಳನ್ನು ಮತ್ತೊಮ್ಮೆ ಮೂಸಿ ನೋಡಿದ್ದೆ.

ಎರಡನೆಯದು 2023ರದು, ಸೈತಾಮ ವಿಶ್ವವಿದ್ಯಾಲಯದ ಮಸಾತ್ಸುಗು ತೊಯೋತ ಅವರ ಪ್ರಯೋಗಶಾಲೆಯದು. ಸಾಸಿವೆಯ ದೂರದ ಬಂಧುವಾದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ, ಜೀವಕೋಶದೊಳಗೆ ಕ್ಯಾಲ್ಸಿಯಂ ಏರಿದರೆ ಹಸಿರಾಗಿ ಬೆಳಗುವ ಪ್ರೋಟೀನೊಂದನ್ನು ಸೇರಿಸಿದ್ದರು. ಬೇರೆಡೆ ಬಾಟಲಿಯೊಂದರಲ್ಲಿ ಅದೇ ಸ್ಪೊಡಾಪ್ಟೆರಾ ಹುಳುಗಳು ಎಲೆ ಮೇಯುತ್ತಿದ್ದವು. ಬಾಟಲಿಯ ಗಾಳಿಯನ್ನು ಪಂಪಿನಿಂದ ಗಿಡದ ಮೇಲೆ ಊದಿದಾಗ ಎಲೆಯ ಮೇಲೆ ಬೆಳಕಿನ ಅಲೆ ಎದ್ದಿತು. ಮೊದಲು ಎಚ್ಚೆತ್ತದ್ದು ಪತ್ರರಂಧ್ರಗಳ ಎರಡು ಬದಿಯ ಕಾವಲು ಕೋಶಗಳು, ಅನಂತರ ಒಳಗಿನ ಹಸಿರು ಕೋಶಗಳು. ರಂಧ್ರಗಳನ್ನು ಹಾರ್ಮೋನಿನಿಂದ ಮೊದಲೇ ಮುಚ್ಚಿಸಿದ್ದಾಗ ಆ ಅಲೆ ಮಂಕಾಯಿತು. ಗಿಡ ಉಸಿರಾಡುವ ಬಾಗಿಲಿನಿಂದಲೇ ವಾಸನೆಯೂ ಒಳಗೆ ಬರುತ್ತದೆ. ಪುರಾವೆಗಾಗಿ ನಲವತ್ತು ವರ್ಷ ಕಾದ ವಿಷಯ ಕೊನೆಗೆ ಕಣ್ಣಿಗೇ ಕಂಡಿತು.

ಹುಳುವಷ್ಟೇ ಅಲ್ಲ, ರೋಗದ ಸುದ್ದಿಯೂ ಗಾಳಿಯಲ್ಲಿ ಹೋಗುತ್ತದೆ. ಮೊಸಾಯಿಕ್ ನಂಜು ತಗುಲಿದ ತಂಬಾಕಿನ ಎಲೆ ಮೀಥೈಲ್ ಸ್ಯಾಲಿಸಿಲೇಟ್ ಬಿಡುತ್ತದೆ, ಪಕ್ಕದ ಆರೋಗ್ಯವಂತ ಗಿಡ ಅದನ್ನು ಹೀರಿ ನಂಜು ತಡೆಯುವ ಶಕ್ತಿ ಹೆಚ್ಚಿಸಿಕೊಳ್ಳುತ್ತದೆ ಎಂದು 1997ರಲ್ಲಿ ಇಲ್ಯಾ ರಾಸ್ಕಿನ್ ಅವರ ತಂಡ ಕಂಡುಕೊಂಡಿತು. ಈ ವಾಸನೆ ಎಲ್ಲರಿಗೂ ಪರಿಚಿತ, ಮಂಡಿನೋವಿಗೆ ಹಚ್ಚುವ ಮುಲಾಮಿನದು.

ಸುದ್ದಿ ಇದ್ದ ಕಡೆ ಸುಳ್ಳು ಸುದ್ದಿಯೂ ಇರುತ್ತದೆ. ಕೋಲಾರದ ಕಡೆ ಟೊಮೆಟೊ ಬೆಳೆಯುವವರನ್ನು ಬಿಳಿನೊಣದ ವಿಷಯ ಕೇಳಿ ನೋಡಿ. ಎಲೆಯಡಿ ಕೂತು ರಸ ಹೀರುವ, ಎಲೆ ಮುದುಡುವ ರೋಗದ ನಂಜನ್ನು ಗಿಡದಿಂದ ಗಿಡಕ್ಕೆ ಸಾಗಿಸುವ ಕೀಟ ಅದು. ಗಿಡದಲ್ಲಿ ಎರಡು ಬಗೆಯ ರಕ್ಷಣೆಯಿದೆ, ಹುಳುಗಳ ವಿರುದ್ಧ ಜಾಸ್ಮೊನಿಕ್ ಆಮ್ಲದ್ದು, ರೋಗಾಣುಗಳ ವಿರುದ್ಧ ಸ್ಯಾಲಿಸಿಲಿಕ್ ಆಮ್ಲದ್ದು. ಒಂದನ್ನು ಏರಿಸಿದರೆ ಸಾಮಾನ್ಯವಾಗಿ ಇನ್ನೊಂದು ತಗ್ಗುತ್ತದೆ. 2019ರಲ್ಲಿ ಚೀನಾದ ಸಂಶೋಧಕರು ಟರ್ಲಿಂಗ್ಸ್ ಜೊತೆಗೂಡಿ ಪ್ರಕಟಿಸಿದ ಕೆಲಸದ ಪ್ರಕಾರ, ಬಿಳಿನೊಣ ಕೂತ ಟೊಮೆಟೊ ಬಿಡುವ ವಾಸನೆ ಪಕ್ಕದ ಗಿಡಗಳಲ್ಲಿ ರೋಗಾಣು ವಿರುದ್ಧದ ರಕ್ಷಣೆಯನ್ನು ಎಬ್ಬಿಸುತ್ತದೆ. ಗಿಡ ತಪ್ಪು ಬಾಗಿಲಿಗೆ ಅಗುಳಿ ಹಾಕುತ್ತದೆ. ಮುಂದೆ ಅಲ್ಲಿಗೆ ಹಾರಿಬರುವ ಬಿಳಿನೊಣದ ಸಂತಾನಕ್ಕೆ ದಾರಿ ಸಲೀಸು. ನೆರೆಯ ವಾಸನೆ ಬೆಳೆಗೆ ಸದಾ ಹಿತವೇ ಎಂದು ಬರೆಯುವವರು ಈ ಬಿಳಿನೊಣವನ್ನು ಮರೆಯಬಾರದು.

ಹೊಲಕ್ಕೆ ಬಂದರೆ ಇನ್ನೊಂದು ಎಚ್ಚರ ಬೇಕು. ಟೊಮೆಟೊ ಬದುವಿಗೆ ಚೆಂಡುಹೂ ಹಾಕುವುದು ನಮ್ಮಲ್ಲಿ ರೂಢಿ. ಹೂವು ಕಾಯಿಕೊರಕದ ಪತಂಗವನ್ನು ತನ್ನತ್ತ ಸೆಳೆದು ಟೊಮೆಟೊ ಉಳಿಸುತ್ತದೆ. ಇಲ್ಲಿ ವಾಸನೆ, ಬಣ್ಣ ಕೆಲಸ ಮಾಡಿದ್ದು ಕೀಟದ ಮೇಲೆ, ಬೆಳೆಯ ಮೇಲಲ್ಲ. ಮಿಶ್ರಬೆಳೆಯಲ್ಲಿ ಹುಳು ಕಡಿಮೆಯಾದೊಡನೆ ಗಿಡಗಳು ಪರಸ್ಪರ ಎಚ್ಚರಿಸಿಕೊಂಡವು ಎಂದು ಹೇಳಿಬಿಡುವುದು ಅವಸರದ ತೀರ್ಮಾನ. ಸ್ವೀಡನ್ನಿನ ವೆಲೆಮಿರ್ ನಿಂಕೊವಿಚ್ ಮತ್ತು ಜೊತೆಗಾರರು ಈ ಎರಡನ್ನೂ ಬಿಡಿಸಿ ನೋಡಿದ್ದರಿಂದಲೇ ಅವರ ಕೆಲಸಕ್ಕೆ ಬೆಲೆ. ಈರುಳ್ಳಿಯ ವಾಸನೆಗೆ ಒಡ್ಡಿದ ಆಲೂಗಡ್ಡೆ ಗಿಡ ತನ್ನದೇ ವಾಸನೆಯನ್ನು ಬದಲಿಸಿಕೊಳ್ಳುತ್ತದೆ, ಬದಲಾದ ಆ ವಾಸನೆ ರೆಕ್ಕೆಯ ಸಸ್ಯಹೇನುಗಳಿಗೆ ಹಿಡಿಸುವುದಿಲ್ಲ ಎಂದು ಅವರು 2013ರಲ್ಲಿ ವರದಿ ಮಾಡಿದರು. ಇಲ್ಲಿ ಯಾವ ಗಿಡಕ್ಕೂ ಗಾಯವಾಗಿರಲಿಲ್ಲ. ಆಲೂಗಡ್ಡೆ, ಈರುಳ್ಳಿ ಎರಡನ್ನೂ ಬೆಳೆಯುವ ನಮ್ಮ ಹಾಸನ, ಚಿಕ್ಕಬಳ್ಳಾಪುರದ ಕಡೆಯವರು ಗಮನಿಸಬೇಕಾದ ಮಾತಿದು.

ವಾಸನೆಯನ್ನು ಬೇಸಾಯಕ್ಕೆ ಇಳಿಸಿದ ದೊಡ್ಡ ಯತ್ನ ನಡೆದದ್ದು ಕೀನ್ಯಾದಲ್ಲಿ, ವಿಕ್ಟೋರಿಯಾ ಸರೋವರದ ದಡದ ಸಣ್ಣ ರೈತರ ಹೊಲಗಳಲ್ಲಿ. ಅವರ ಮೆಕ್ಕೆಜೋಳದ ವೈರಿಗಳಲ್ಲೊಂದು ಕೈಲೊ ಪಾರ್ಟೆಲಸ್ ಎಂಬ ಕಾಂಡಕೊರಕ, ನಮ್ಮ ಜೋಳದ ಸುಳಿ ಒಣಗಿಸುವ ಅದೇ ಹುಳು, ಏಷ್ಯಾದಿಂದ ಆಫ್ರಿಕಕ್ಕೆ ಹೋದದ್ದು. ನೈರೋಬಿಯ ಅಂತರರಾಷ್ಟ್ರೀಯ ಕೀಟ ಸಂಶೋಧನಾ ಕೇಂದ್ರದ ಜಿಯಾವುರ್ ಖಾನ್ ಮತ್ತು ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನ ಜಾನ್ ಪಿಕೆಟ್ ‘ತಳ್ಳು-ಸೆಳೆ’ ಎಂಬ ವಿಧಾನ ಕಟ್ಟಿದರು. ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ಗಿಡ, ಹೊಲದ ಸುತ್ತ ನೇಪಿಯರ್ ಹುಲ್ಲು. ಡೆಸ್ಮೋಡಿಯಂ ಪತಂಗವನ್ನು ತಳ್ಳುತ್ತದೆ, ನೇಪಿಯರ್ ಸೆಳೆಯುತ್ತದೆ, ಎರಡೂ ದನದ ಮೇವು. ಅವರು ಪರೀಕ್ಷಿಸಿದ ಇನ್ನೊಂದು ಗಿಡ ಮೊಲಾಸಸ್ ಹುಲ್ಲು. ಹುಳು ತಿಂದ ಮೆಕ್ಕೆಜೋಳ ಬಿಡುವ ಒಂದು ಮುಖ್ಯ ಆವಿಯನ್ನು ಈ ಹುಲ್ಲು ಯಾವ ಗಾಯವೂ ಇಲ್ಲದೆ ಸದಾ ಬಿಡುತ್ತದೆ. ಅದನ್ನು ಸಾಲಿನ ನಡುವೆ ಬೆಳೆಸಿದಾಗ ಕಾಂಡಕೊರಕ ತಗ್ಗಿತು, ಅದನ್ನು ಕೊಲ್ಲುವ ಕಣಜ ಹೆಚ್ಚಿತು ಎಂಬ ವರದಿ 1997ರಲ್ಲಿ ಬಂತು. ಹುಲ್ಲಿನ ಪಕ್ಕದ ಮೆಕ್ಕೆಜೋಳವೂ ತನ್ನ ರಕ್ಷಣೆಯನ್ನು ತಾನೇ ಎಬ್ಬಿಸಿಕೊಳ್ಳುತ್ತದೆ ಎಂಬುದು 2019ರಲ್ಲಿ ಗೊತ್ತಾಯಿತು. ತಳ್ಳು-ಸೆಳೆ ವಿಧಾನದ ಯಶಸ್ಸಿನಲ್ಲಿ ವಾಸನೆಯ ಪಾಲೆಷ್ಟು, ಬೇರಿನ ಪಾಲೆಷ್ಟು, ಎಲೆಯ ಅಂಟು ರೋಮದ ಪಾಲೆಷ್ಟು ಎಂಬ ಚರ್ಚೆ ಈಗಲೂ ನಡೆದಿದೆ. ಹೊಲದಲ್ಲಿ ಪೈರು ಉಳಿದದ್ದರ ಬಗ್ಗೆ ಚರ್ಚೆಯಿಲ್ಲ.

ಎಲ್ಲವೂ ಗೆಲ್ಲುವುದಿಲ್ಲ. ಅದೇ ರಾಥಮ್‌ಸ್ಟೆಡ್‌ನವರು ಸಸ್ಯಹೇನುಗಳ ಅಪಾಯದ ವಾಸನೆಯನ್ನೇ ಬಿಡುವಂತೆ ಗೋಧಿಯ ವಂಶವಾಹಿ ಬದಲಿಸಿದರು. ಪ್ರಯೋಗಶಾಲೆಯಲ್ಲಿ ಹೇನುಗಳು ದೂರ ಸರಿದವು. 2012ರಲ್ಲಿ ಪ್ರತಿಭಟನೆಗಳ ನಡುವೆ ಆರಂಭವಾದ ಹೊಲದ ಪರೀಕ್ಷೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ, 2015ರಲ್ಲಿ ಅದನ್ನು ಅವರೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ನಿಜವಾದ ಹೇನು ಕಂಟಕ ಬಂದಾಗ ಮಾತ್ರ ಆ ವಾಸನೆಯನ್ನು ಒಮ್ಮೆ ಚಿಮ್ಮಿಸುತ್ತದೆ, ಈ ಗೋಧಿ ಹಗಲೂ ರಾತ್ರಿ ಸೂಸುತ್ತಿತ್ತು. ಸದಾ ಬಾರಿಸುವ ಗಂಟೆಗೆ ಯಾರೂ ಎದ್ದು ಬರುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು 2011ರ ಇನ್ನೊಂದು ಕೆಲಸ, ಅದೂ ಕೀನ್ಯಾದ ಆ ಕೇಂದ್ರದ್ದೇ. ಅಮಾನುವೆಲ್ ತಮಿರು ಮತ್ತು ಜೊತೆಗಾರರು ಲ್ಯಾಟಿನ್ ಅಮೆರಿಕ ಮೂಲದ ನಾಟಿ ಮೆಕ್ಕೆಜೋಳದ ತಳಿಗಳ ಮೇಲೆ ಕಾಂಡಕೊರಕದ ಪತಂಗಕ್ಕೆ ಮೊಟ್ಟೆಯಿಡಲು ಬಿಟ್ಟರು. ಹುಳು ಇನ್ನೂ ಹೊರಬಂದಿಲ್ಲ, ಎಲೆಗೆ ಒಂದು ಗೀರೂ ಬಿದ್ದಿಲ್ಲ. ಮೊಟ್ಟೆ ಅಂಟಿದ್ದಷ್ಟೇ ಸಾಕಾಯಿತು. ಗಿಡ ವಾಸನೆ ಬಿಟ್ಟಿತು, ಮೊಟ್ಟೆಯನ್ನು ತಿನ್ನುವ ಕಣಜವೂ ಮರಿಹುಳುವನ್ನು ತಿನ್ನುವ ಕಣಜವೂ ಅದಕ್ಕೆ ಓಗೊಟ್ಟವು. ಪಕ್ಕದಲ್ಲಿಟ್ಟು ನೋಡಿದ ಮಾರುಕಟ್ಟೆಯ ಹೈಬ್ರಿಡ್ ತಳಿಗಳು ಮೊಟ್ಟೆ ಬಿದ್ದರೂ ಸುಮ್ಮನಿದ್ದವು. ಇಳುವರಿಗೆ, ಕಾಳಿನ ಗಾತ್ರಕ್ಕೆ, ಗೊಬ್ಬರಕ್ಕೆ ಸ್ಪಂದಿಸುವ ಗುಣಕ್ಕೆ ತಳಿ ಆರಿಸಿದವರು ವಾಸನೆಯನ್ನು ಅಳೆದಿರಲಿಲ್ಲ. ಅಳೆಯದ ಗುಣ ಕೈತಪ್ಪಿತ್ತು.

ನಮ್ಮಲ್ಲೂ ಅಳೆಯದೆ ಬಿಟ್ಟದ್ದು ಬಹಳ ಇದೆ. ಹಳೇ ಮೈಸೂರು ಸೀಮೆಯ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಎಂದರೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಹರಳು, ಜೋಳ. ರಾಗಿಯ ಕೆಲವು ಸಾಲಿಗೊಮ್ಮೆ ಬರುವ ಈ ಸಾಲು ಮನೆಯ ಕಾಳಿಗೆ, ಎಣ್ಣೆಗೆ, ಮಳೆ ಕೈಕೊಟ್ಟ ವರ್ಷದ ಆಸರೆಗೆ ಎಂದು ನಾವು ಬರೆಯುತ್ತ ಬಂದಿದ್ದೇವೆ, ಅದು ಸರಿಯೇ. ಹುಚ್ಚೆಳ್ಳಿನ ಎಲೆಯಿಂದ, ಅವರೆಯ ಸೊಗಡಿನಿಂದ ರಾಗಿಗೆ ಗಾಳಿಯಲ್ಲಿ ಏನು ಹೋಗುತ್ತದೆ, ಹೋಗಿ ಏನು ಮಾಡುತ್ತದೆ ಎಂಬುದನ್ನು ಅಕ್ಕಡಿಯ ಹೊಗಳಿಕೆಯಿಂದ ತಿಳಿಯಲಾಗದು, ತೆನೆ ಎಣಿಸಿ ಹುಳು ಎಣಿಸಿ ತಿಳಿಯಬೇಕು. ಆ ಪ್ರಯೋಗಕ್ಕೆ ದೊಡ್ಡ ಯಂತ್ರ ಬೇಡ. ಅಕ್ಕಡಿ ಇರುವ ಪಟ್ಟೆ, ಇಲ್ಲದ ಪಟ್ಟೆ, ಅಕ್ಕಡಿಯಿದ್ದೂ ನಡುವೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಗಾಳಿ ತಡೆದ ಪಟ್ಟೆ, ಇಷ್ಟನ್ನು ಬೇರೆ ಬೇರೆ ಹೊಲಗಳಲ್ಲಿ ಎರಡು ಮೂರು ಮುಂಗಾರು ಮಾಡಿದರೆ ಆರಂಭಕ್ಕೆ ಸಾಕು.

2018ರ ಮೇ ತಿಂಗಳಲ್ಲಿ ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಅದು ಬಂದ ಮೇಲೆ ಸುಳಿಗೆ ಔಷಧಿ ಸುರಿಯುವುದು ಒಂದೇ ದಾರಿ ಎಂಬಂತಾಗಿದೆ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ತಳಿ ಪರೀಕ್ಷಿಸುವವರಲ್ಲಿ ನನ್ನ ಕೋರಿಕೆ ಇಷ್ಟು: ಇಳುವರಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ, ಪತಂಗ ಮೊಟ್ಟೆಯಿಟ್ಟಾಗ ಈ ತಳಿ ವಾಸನೆ ಬಿಡುತ್ತದೆಯೆ, ನೆರೆಯ ವಾಸನೆಗೆ ಸಜ್ಜಾಗುತ್ತದೆಯೆ ಎಂದು ಬರೆದಿಡಿ. ಅಜ್ಜಿಯ ಕಾಲದ ಜೋಳ, ಅವರೆ, ಹುಚ್ಚೆಳ್ಳಿನ ಬೀಜ ಯಾರ ಮನೆಯ ಮಡಕೆಯಲ್ಲಿ ಇನ್ನೂ ಇದೆಯೋ ಅವರು ಈ ಮುಂಗಾರಿಗೆ ಒಂದು ಸಾಲಾದರೂ ಬಿತ್ತಿ, ಬೀಜ ಹೊಸದು ಮಾಡಿಕೊಳ್ಳಿ.